ಯುದ್ಧಕಾಲದ ಮೋಟಾರು ಸೈಕಲ್ಲು: ಮೂಲಭಾಗಗಳ ನಿರ್ಣಯ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಸಂಸ್ಥೆಯು ಎಂ-20 ಎಂಬ ಮಾದರಿಯ ಸುಮಾರು 1,26,000 ಮೋಟಾರು ಸೈಕಲ್ಲುಗಳನ್ನು ಸೇನೆಗಾಗಿ ನಿರ್ಮಿಸಿತು. ಇಂದು ಉಳಿದಿರುವ ಅಂತಹ ವಾಹನವೊಂದರಲ್ಲಿ ಮೂಲಭಾಗಗಳಾವುವು, ಪ್ರಕ್ಷಿಪ್ತಗಳಾವುವು ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ?

ಮೊದಲು ಚೌಕಟ್ಟಿನ ಮತ್ತು ಎಂಜಿನ್ನಿನ ಸಂಖ್ಯೆಗಳನ್ನು ನೋಡಬೇಕು. ಅವೆರಡೂ ಬೇರೆ ಬೇರೆ ಕಾಲದವಾಗಿದ್ದ ಮಾತ್ರಕ್ಕೆ ವಾಹನವು ಕೃತಕವೆಂದು ಹೇಳಲಾಗದು; ಸೇನೆಯ ದುರಸ್ತಿ ಕಾರ್ಯಾಗಾರಗಳಲ್ಲಿಯೇ ಎಂಜಿನ್ನುಗಳು ಬದಲಾಗುತ್ತಿದ್ದುವು.

ಎರಡನೆಯದು ದ್ರವ್ಯದ ಸಾಕ್ಷ್ಯ. 1942ರಲ್ಲಿ ಮಲಯಾ ಜಪಾನೀಯರ ವಶವಾಗಲು ರಬ್ಬರು ದುರ್ಲಭವಾಯಿತು. ಆದುದರಿಂದ ಹ್ಯಾಂಡಲಿನ ಹಿಡಿಗಳಿಗೆ ಕ್ಯಾನ್ವಾಸು ಬಂದಿತು. ಫುಟ್‌ರೆಸ್ಟುಗಳು ಬರಿಯ ಲೋಹದವಾದುವು. ಇವನ್ನು ಯಾರೋ ಮಾಡಿದ ತೇಪೆಯೆಂದು ಬಗೆದು ಹೊಸ ರಬ್ಬರನ್ನು ತೊಡಿಸುವವರು ಅಂದಗೆಟ್ಟುದನ್ನು ಸರಿಪಡಿಸಿದೆವೆಂದು ತಿಳಿಯುತ್ತಾರೆ. ನಿಜವಾಗಿ ಆ ಕೊರತೆಯ ದಾಖಲೆಯನ್ನೇ ಅಳಿಸುತ್ತಾರೆ.

ಕಾರ್ಖಾನೆಯಿಂದ ಹೊರಬಿದ್ದ ರೂಪವೊಂದು, ಸೇನೆಯಲ್ಲಿ ದುಡಿದ ರೂಪ ಇನ್ನೊಂದು. ಹಸ್ತಪ್ರತಿಯಲ್ಲಿ ಮೂಲ ಲಿಪಿಕಾರನ ಬರಹದಂತೆಯೇ ಬಳಿಕ ತಿದ್ದಿದವನ ಕೈಯನ್ನೂ ನಾವು ಗುರುತಿಸಿ ಉಳಿಸಿಕೊಳ್ಳುತ್ತೇವಷ್ಟೆ. ಅಂತೆಯೇ ಇಲ್ಲಿಯೂ ಮೊದಲು ಕಾಲನಿರ್ಣಯ, ಅನಂತರವೇ ಜೀರ್ಣೋದ್ಧಾರ ಎಂಬ ಕ್ರಮವನ್ನು ಪಾಲಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಕಳಚಿ ಎಸೆದ ಭಾಗವು ಮರಳಿ ಸಾಕ್ಷಿ ನುಡಿಯಲಾರದು.