ಪಿಸುಮಾತಿನ ತೂಕ: ಮೊಬೈಲಿನ ಪ್ರಸಾರ ಸಾಮರ್ಥ್ಯವನ್ನು ಅಳೆದ ಕಥೆ

ನಿಮ್ಮ ಕೈಯಲ್ಲಿರುವ ಮೊಬೈಲ್ ಫೋನು ಒಂದು ಪುಟ್ಟ ಪ್ರಸಾರ ಕೇಂದ್ರ ಎಂಬುದನ್ನು ಎಂದಾದರೂ ಯೋಚಿಸಿದ್ದೀರಾ? ಗೋಪುರದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವುದರ ಜೊತೆಗೆ ಅದು ತಾನೂ ಅಲೆಗಳನ್ನು ಹೊರಸೂಸುತ್ತದೆ. ಬಾನುಲಿ ಮತ್ತು ದೂರದರ್ಶನದ ಪ್ರೇಷಕಗಳ ಸಾಮರ್ಥ್ಯವನ್ನು ನಾವು ಕಿಲೋವಾಟ್‌ಗಳಲ್ಲಿ ಹೇಳುತ್ತೇವೆ. ಸಾಮರ್ಥ್ಯ ಹೆಚ್ಚಿದಷ್ಟೂ ಹೆಚ್ಚು ಊರುಗಳಿಗೆ ಕಾರ್ಯಕ್ರಮ ತಲುಪುತ್ತದೆ. ಮೊಬೈಲಿನ ಇತಿಹಾಸ ಇದಕ್ಕೆ ತಿರುಗುಮುರುಗು. ಅದು ದನಿಯನ್ನು ತಗ್ಗಿಸುತ್ತ ಬಂದ ಇತಿಹಾಸ. ತಗ್ಗಿಸಬೇಕಾದರೆ ಮೊದಲು ಅಳೆಯಬೇಕಷ್ಟೆ?

ಕಣ್ಣಿಗೆ ಕಾಣದ, ಕಿವಿಗೆ ಕೇಳದ ಅಲೆಯನ್ನು ಅಳೆಯುವುದು ಹೇಗೆ? 1880ರ ದಶಕದ ಕೊನೆಯಲ್ಲಿ ಜರ್ಮನಿಯ ಹೈನ್‌ರಿಖ್ ಹರ್ಟ್ಸ್ ರೇಡಿಯೋ ಅಲೆಗಳನ್ನು ಪ್ರಯೋಗದಲ್ಲಿ ತೋರಿಸಿದಾಗ, ಅವುಗಳ ಇರವಿಗೆ ಸಾಕ್ಷಿಯಾಗಿದ್ದದ್ದು ತಂತಿಯ ತುದಿಗಳ ನಡುವೆ ಹಾರುವ ಸಣ್ಣ ಕಿಡಿ ಮಾತ್ರ. ಅಲೆ ಇದೆ ಎಂದು ಕಿಡಿ ಹೇಳೀತು. ಎಷ್ಟಿದೆ ಎಂದು ಹೇಳಲಾರದು.

ಉತ್ತರದ ಬೀಜ ಬೇರೊಂದು ಕ್ಷೇತ್ರದಲ್ಲಿತ್ತು. ಅಮೆರಿಕದ ಖಗೋಳ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಸೂರ್ಯನ ಶಾಖವನ್ನು ಅಳೆಯಲು 1880ರ ಸುಮಾರಿಗೆ ಬೋಲೋಮೀಟರ್ ಎಂಬ ಉಪಕರಣವನ್ನು ರೂಪಿಸಿದ್ದರು. ಅದರ ತತ್ತ್ವ ಸರಳ. ಕಿರಣ ಬಿದ್ದರೆ ತೆಳುವಾದ ಲೋಹದ ಪಟ್ಟಿ ಬಿಸಿಯಾಗುತ್ತದೆ, ಬಿಸಿಯಾದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ರೇಡಿಯೋ ಅಲೆಯೂ ಹೀರಿಕೊಂಡ ಕಡೆ ಶಾಖವಾಗುತ್ತದೆ. ಆದ್ದರಿಂದ ಅದಕ್ಕೂ ಇದೇ ಉಪಾಯ ಒದಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್‌ಗಾಗಿ ಸೂಕ್ಷ್ಮತರಂಗಗಳ ಬಳಕೆ ಬೆಳೆದಾಗ, ಥರ್ಮಿಸ್ಟರ್ ಎಂಬ ಪುಟ್ಟ ಮಣಿ ಈ ಕೆಲಸಕ್ಕೆ ಬಂತು.

ಇದನ್ನು ನಮ್ಮ ಅಂಗಡಿಯ ತಕ್ಕಡಿಗೆ ಹೋಲಿಸಿ ನೋಡಿ. ಮಣಿಯನ್ನು ಮೊದಲೇ ಗೊತ್ತಿರುವಷ್ಟು ವಿದ್ಯುತ್ತಿನಿಂದ ಬಿಸಿ ಮಾಡಿ ಸಮತೋಲದಲ್ಲಿ ಇಡುತ್ತಾರೆ. ರೇಡಿಯೋ ಅಲೆ ಬಂದು ಇನ್ನಷ್ಟು ಬಿಸಿಯಾದರೆ, ಸಮತೋಲ ಮರಳುವವರೆಗೆ ಆ ವಿದ್ಯುತ್ತನ್ನು ಕಡಿಮೆ ಮಾಡುತ್ತಾರೆ. ಎಷ್ಟು ಕಡಿಮೆ ಮಾಡಿದರೋ ಅಷ್ಟೇ ಅಲೆಯ ಸಾಮರ್ಥ್ಯ!

ಇನ್ನು ಮೊಬೈಲಿಗೆ ಬರೋಣ. 1973ರ ಏಪ್ರಿಲ್ 3ರಂದು ಮೊಟೊರೋಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಿಂದ ಕೈಫೋನಿನಲ್ಲಿ ಮೊದಲ ಕರೆ ಮಾಡಿದರು. 1983ರಲ್ಲಿ ಷಿಕಾಗೋದಲ್ಲಿ ಅಮೆರಿಕದ ಮೊದಲ ವಾಣಿಜ್ಯ ಸೆಲ್ಯುಲರ್ ಸೇವೆ ಆರಂಭವಾಯಿತು. ಊರನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸುವುದು, ಒಂದು ಕೋಶದಲ್ಲಿ ಬಳಸಿದ ಆವರ್ತಾಂಕವನ್ನು ದೂರದ ಕೋಶದಲ್ಲಿ ಮತ್ತೆ ಬಳಸುವುದು ಇದರ ಮರ್ಮ. ಒಂದು ಫೋನು ಅಗತ್ಯಕ್ಕಿಂತ ಜೋರಾಗಿ ಕೂಗಿದರೆ ಅದರ ಸದ್ದು ಆ ಇನ್ನೊಂದು ಕೋಶಕ್ಕೂ ಹೋಗಿ ಅಲ್ಲಿಯವರ ಮಾತನ್ನು ಕೆಡಿಸುತ್ತದೆ. ಹೀಗಾಗಿ ಸಾಮರ್ಥ್ಯದ ಅಳತೆ ಪ್ರಯೋಗಾಲಯದ ಕುತೂಹಲವಾಗಿ ಉಳಿಯಲಿಲ್ಲ, ನೆರೆಹೊರೆಯ ನ್ಯಾಯದ ಪ್ರಶ್ನೆಯಾಯಿತು.

ಯೂರೋಪಿನಲ್ಲಿ ರೂಪುಗೊಂಡ ಜಿಎಸ್‌ಎಂ ಎಂಬ ಅಂಕೀಯ ಪದ್ಧತಿಯ ಮೊದಲ ಕರೆ 1991ರ ಜುಲೈ 1ರಂದು ಫಿನ್ಲೆಂಡಿನಲ್ಲಿ ನಡೆಯಿತು. ಜಾಲಗಳು ಸಿದ್ಧವಾಗತೊಡಗಿದವು. ಆದರೆ ಮಾರುಕಟ್ಟೆಗೆ ಫೋನುಗಳು ಬರಲಿಲ್ಲ. ಒಂದು ಮುಖ್ಯ ಕಾರಣವೆಂದರೆ, ಫೋನು ನಿಯಮದಂತೆ ನಡೆಯುತ್ತದೆಯೇ ಎಂದು ಪರೀಕ್ಷಿಸಿ ಒಪ್ಪಿಗೆ ಕೊಡುವ ವ್ಯವಸ್ಥೆಯೇ ಪೂರ್ತಿ ಸಿದ್ಧವಾಗಿರಲಿಲ್ಲ. ಜಿಎಸ್‌ಎಂ ಎಂದರೆ 'ಗಾಡ್ ಸೆಂಡ್ ಮೊಬೈಲ್ಸ್', ಅಂದರೆ 'ದೇವರೇ, ಮೊಬೈಲು ಕಳಿಸಪ್ಪಾ' ಎಂಬ ತಮಾಷೆ ಆ ವಲಯದಲ್ಲಿ ಹುಟ್ಟಿಕೊಂಡಿತು. ಕೊನೆಗೆ ತಾತ್ಕಾಲಿಕ ಒಪ್ಪಿಗೆಯ ಏರ್ಪಾಡು ಮಾಡಿಕೊಂಡು 1992ರಲ್ಲಿ ಫೋನುಗಳನ್ನು ಹೊರಗೆ ಬಿಡಲಾಯಿತು. 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ಹೋದ ಭಾರತದ ಮೊದಲ ಮೊಬೈಲ್ ಕರೆಯೂ ಇದೇ ಪದ್ಧತಿಯದು.

ಪರೀಕ್ಷಾ ಯಂತ್ರ ಮಾಡುವುದೇನು? ಹೊರಗಿನ ಅಲೆಗಳು ಒಳಬಾರದಂಥ ಲೋಹದ ಪೆಟ್ಟಿಗೆಯಲ್ಲಿ ಫೋನನ್ನಿಟ್ಟು, ಕೇಬಲ್ ಮೂಲಕ ಯಂತ್ರಕ್ಕೆ ಜೋಡಿಸುತ್ತಾರೆ. ಯಂತ್ರ ತಾನೇ ಗೋಪುರದಂತೆ ನಟಿಸಿ "ಈಗ ಇಷ್ಟು ಸಾಮರ್ಥ್ಯದಲ್ಲಿ ಮಾತಾಡು" ಎಂದು ಅಪ್ಪಣೆ ಕೊಡುತ್ತದೆ, ಬಂದದ್ದನ್ನು ಅಳೆಯುತ್ತದೆ. 900 ಮೆಗಾಹರ್ಟ್ಸ್‌ನ ಸಾಮಾನ್ಯ ಜಿಎಸ್‌ಎಂ ಫೋನಿನ ಗರಿಷ್ಠ ಸಾಮರ್ಥ್ಯ 2 ವಾಟ್. ಅಲ್ಲಿಂದ ಎರಡೆರಡು ಡೆಸಿಬೆಲ್‌ನಂತೆ ಇಳಿದು ಕನಿಷ್ಠ ಸುಮಾರು 3 ಮಿಲಿವಾಟ್‌ಗೆ ಬರಬೇಕು. ಅಂದರೆ ಆರುನೂರು ಪಟ್ಟಿಗೂ ಹೆಚ್ಚಿನ ಇಳಿತ. ಕೇಬಲಿನಲ್ಲಿ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. 3 ಡೆಸಿಬೆಲ್ ನಷ್ಟವನ್ನು ಮರೆತರೆ 2 ವಾಟ್ ಫೋನು 1 ವಾಟ್‌ನಂತೆ ಕಾಣುತ್ತದೆ!

ಇನ್ನೊಂದು ತೊಡಕನ್ನು ಗಮನಿಸಿ. ಜಿಎಸ್‌ಎಂನಲ್ಲಿ ಎಂಟು ಫೋನುಗಳು ಸರದಿಯಂತೆ ಒಂದೇ ಆವರ್ತಾಂಕವನ್ನು ಹಂಚಿಕೊಳ್ಳುತ್ತವೆ. ಪ್ರತಿಯೊಂದರ ಸರದಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 577 ಭಾಗ ಮಾತ್ರ. ಶಾಖವನ್ನು ನಂಬಿದ ಹಳೆಯ ಮಾಪಕ ಸರಾಸರಿಯನ್ನಷ್ಟೇ ಹೇಳಬಲ್ಲದು, ಅಂದರೆ 2 ವಾಟ್‌ಗೆ ಬದಲು ಕಾಲು ವಾಟ್. ಆದ್ದರಿಂದ ಆ ಕಿರುಸರದಿಯ ಒಳಹೊಕ್ಕು ಅಳೆಯುವ ವೇಗದ ಉಪಕರಣಗಳು ಬೇಕಾದವು.

ಸಿಡಿಎಂಎ ಪದ್ಧತಿಯಲ್ಲಿ ಕಷ್ಟ ಇನ್ನೂ ಹೆಚ್ಚಿತು. ಅಲ್ಲಿ ಎಲ್ಲರೂ ಒಂದೇ ಕಾಲದಲ್ಲಿ, ಒಂದೇ ಆವರ್ತಾಂಕದಲ್ಲಿ ಮಾತನಾಡುತ್ತಾರೆ. ಗೋಪುರದ ಪಕ್ಕದಲ್ಲಿರುವವರು ಜೋರು ಮಾಡಿದರೆ ದೂರದವರ ದನಿ ಮುಳುಗಿಹೋಗುತ್ತದೆ. ಅದಕ್ಕಾಗಿ ಗೋಪುರ ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ "ಏರಿಸು, ಇಳಿಸು" ಎಂದು ಹೇಳುವ ಏರ್ಪಾಡಾಯಿತು. ಮುಂದೆ ಮೂರನೆಯ ಪೀಳಿಗೆಯ ಡಬ್ಲ್ಯುಸಿಡಿಎಂಎಯಲ್ಲಿ ಇದು 1500 ಸಲವಾಯಿತು. 4ಜಿ ಫೋನಿನ ಸಾಮಾನ್ಯ ಗರಿಷ್ಠ ಮಿತಿ 200 ಮಿಲಿವಾಟ್ ಮಾತ್ರ.

ನೆರೆಯ ಕೋಶದ ಮಾತಾಯಿತು. ನಮ್ಮ ದೇಹದ ಮಾತೇನು? ಅದಕ್ಕೂ ಅಳತೆಯಿದೆ. ತಲೆಯಾಕಾರದ ಅಚ್ಚಿನಲ್ಲಿ ದೇಹದ ಅಂಗಾಂಶದ ವಿದ್ಯುತ್ ಗುಣಗಳನ್ನು ಹೋಲುವ ದ್ರವ ತುಂಬಿ, ಫೋನನ್ನು ಗರಿಷ್ಠ ಸಾಮರ್ಥ್ಯದಲ್ಲಿ ನಡೆಸಿ, ದ್ರವದೊಳಗೆ ರೋಬಾಟ್ ತೋಳಿನಿಂದ ಅಳೆಯುತ್ತಾರೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮಿತಿ ಕಿಲೋಗ್ರಾಂಗೆ 1.6 ವಾಟ್. ಇದನ್ನು ಒಂದು ಗ್ರಾಂ ಅಂಗಾಂಶದ ಸರಾಸರಿಯಾಗಿ ಲೆಕ್ಕ ಹಾಕುತ್ತಾರೆ. ಇದಕ್ಕೆ 'ಸಾರ್' ಮೌಲ್ಯ ಎಂದು ಹೆಸರು.

ಕೊನೆಯದಾಗಿ ಒಂದು ಮಾತು. ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳು ಗೋಪುರದಿಂದ ಬರುವ ಅಲೆಯ ಬಲವನ್ನು ಸೂಚಿಸುತ್ತವೆ, ನಿಮ್ಮ ಫೋನು ಕಳಿಸುವುದನ್ನಲ್ಲ. ಕಡ್ಡಿ ಕಡಿಮೆಯಾದಷ್ಟೂ ಫೋನು ಸಾಮಾನ್ಯವಾಗಿ ದನಿ ಏರಿಸುತ್ತದೆ. ಮಲೆನಾಡಿನ ಕಣಿವೆಯಲ್ಲಿ ಬ್ಯಾಟರಿ ಬೇಗ ಮುಗಿಯಲು ಇದೂ ಒಂದು ಕಾರಣ. ಮೊಬೈಲಿನ ಬಗ್ಗೆ ಯಾರಾದರೂ ಹೆದರಿಸಿದರೆ, ಅಥವಾ ಏನೂ ಇಲ್ಲವೆಂದು ತಳ್ಳಿಹಾಕಿದರೆ, "ಎಷ್ಟು? ಯಾವುದರಿಂದ ಅಳೆದದ್ದು?" ಎಂದು ಕೇಳಿ. ಅನೇಕ ಫೋನುಗಳಲ್ಲಿ *#07# ಒತ್ತಿದರೆ ಆ ಫೋನಿನ ಸಾರ್ ಮೌಲ್ಯ ಕಾಣುತ್ತದೆ. ಇಂದೇ ಒತ್ತಿ ನೋಡಿ, ಅಂಕಿಯನ್ನು ಬರೆದಿಟ್ಟುಕೊಳ್ಳಿ, ಗೆಳೆಯರ ಫೋನಿನೊಡನೆ ಹೋಲಿಸಿ. ವಿಜ್ಞಾನ ಆರಂಭವಾಗುವುದು ಹಾಗೆಯೇ.