ಸತ್ತವರ ಹೆಸರು ಗಡಿ ದಾಟುವಾಗ

ಚಿತ್ರದುರ್ಗ ಜಿಲ್ಲೆಯ ತಳಕಿನಂಥ ಹೋಬಳಿ ಊರಿನಲ್ಲಿ ಮರಣ ಪ್ರಮಾಣಪತ್ರದ ನೆನಪಾಗುವುದು ಹೆಚ್ಚಾಗಿ ಹೊಲದ ಕಾರಣಕ್ಕೆ. ಪಹಣಿಯಲ್ಲಿ ಅಪ್ಪನ ಹೆಸರಿದ್ದ ಕಡೆ ಮಕ್ಕಳ ಹೆಸರು ಬರಬೇಕಾದರೆ ಪೌತಿ ಖಾತೆಯಾಗಬೇಕು. ಅದಕ್ಕೆ ವಂಶವೃಕ್ಷದ ಜೊತೆ ಈ ಪತ್ರವೂ ಬೇಕು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಅಮೆರಿಕದಲ್ಲಿರುವವರನ್ನು ಮರುಮದುವೆಯಾಗಿ ಅಲ್ಲಿಗೆ ಹೊರಟರೆ, ಮೊದಲ ಮದುವೆ ಮುಗಿದದ್ದಕ್ಕೆ ಸಾಕ್ಷಿಯಾಗಿ ಅದೇ ಪತ್ರವನ್ನು ಇಂಗ್ಲಿಷಿನಲ್ಲಿ ಕೊಡಬೇಕು.

ಸಾವಿನ ದಾಖಲೆ ಮೊದಲಿಗೆ ಮನೆಯವರ ಕಾಗದವಾಗಿರಲಿಲ್ಲ. ಕಾಲರಾ, ಸಿಡುಬು, ಪ್ಲೇಗುಗಳ ಲೆಕ್ಕ ಬೇಕಾಗಿದ್ದ ಸರ್ಕಾರಕ್ಕೆ ಸಾವು ಒಂದು ಅಂಕಿ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1876–78ರ ಬರ ಕಳೆದು 1881ರ ಗಣತಿಯಾದಾಗ ಉಳಿದವರು ಸುಮಾರು 42 ಲಕ್ಷ. ಆ ಬರದಲ್ಲಿ ಸತ್ತವರು ಇಂದಿಗೆ ಕಾಣಿಸುವುದು ಹೆಚ್ಚಾಗಿ ಈ ಎರಡು ಸಂಖ್ಯೆಗಳ ನಡುವಿನ ಕೊರತೆಯಾಗಿ. ಹೆಸರು ಬರೆದಿಡುವ ಕೆಲಸ ಎಷ್ಟು ದೊಡ್ಡದೆಂಬುದು ಇಲ್ಲಿ ಮನಸ್ಸಿಗೆ ನಾಟುತ್ತದೆ.

1886ರ ಕೇಂದ್ರ ಕಾಯ್ದೆಯಲ್ಲಿ ಸಾವಿನ ನೋಂದಣಿ ಐಚ್ಛಿಕವಾಗಿತ್ತು. ತಳಕಿಗೆ ಹತ್ತಿರದ, ಮೈಸೂರು ಸಂಸ್ಥಾನದ ಮೊಳಕಾಲ್ಮೂರಿನ ಗಡಿಯಾಚೆ, ಬಳ್ಳಾರಿ ಮತ್ತು ರಾಯದುರ್ಗ ಆಗ ಮದ್ರಾಸಿಗೆ ಸೇರಿದ್ದವು. ಅಲ್ಲಿಗೆ 1899ರ ಮದ್ರಾಸ್ ಕಾಯ್ದೆ ಬಂತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ತವರು ಅತ್ತ, ಅತ್ತೆಮನೆ ಇತ್ತ ಇರುವ ಕುಟುಂಬಗಳಿಗೆ ತೆಲುಗಿನ ದಾಖಲೆಯನ್ನು ಕನ್ನಡದ ಕಚೇರಿಗೆ ಒಪ್ಪಿಸುವ ಕೆಲಸ ಶುರುವಾಯಿತು. ಈ ಸೀಮೆಯವರಿಗೆ ಅನುವಾದ ಬೇಕಾಗಲು ಕಡಲು ದಾಟಬೇಕಾಗಿರಲಿಲ್ಲ.

1963ರಲ್ಲಿ ಶಾನುಭೋಗಿಕೆ ಹೋಗಿ ಗ್ರಾಮಲೆಕ್ಕಿಗರು ಬಂದರು. ಜನನ ಮರಣ ನೋಂದಣಿಯನ್ನು ಎಲ್ಲೆಡೆ ಕಡ್ಡಾಯ ಮಾಡಿದ 1969ರ ಕಾಯ್ದೆಯಡಿ ಹಳ್ಳಿಯ ಮರಣ ರಿಜಿಸ್ಟರು ಅವರ ಕೈಗೆ ಸೇರಿತು. ಸಾವನ್ನು 21 ದಿನದೊಳಗೆ ತಿಳಿಸಬೇಕು. ತಿಳಿಸಿದವರಿಗೆ ದಾಖಲೆಯ ಪ್ರತಿ ಉಚಿತ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಆಗಬೇಕು. ಇದೇ ಕಾಯ್ದೆಯ 17ನೇ ಸೆಕ್ಷನ್ ಒಂದು ಮಾತನ್ನು ಖಚಿತವಾಗಿ ಹೇಳುತ್ತದೆ: ಜನರಿಗೆ ಕೊಡುವ ಪ್ರತಿಯಲ್ಲಿ ಸಾವಿನ ಕಾರಣ ಇರಕೂಡದು. ಹೊರದೇಶದ ವಿಮಾ ಕಂಪನಿ ಕಾರಣ ಕೇಳಿದರೂ ಅನುವಾದಕ ಅದನ್ನು ತಾನಾಗಿ ಸೇರಿಸುವಂತಿಲ್ಲ.

ಹಾಗಾದರೆ ಅನುವಾದ ಸರಿಯಿದೆ ಎಂದು ಹೇಳುವವರು ಯಾರು? 1952ರ ನೋಟರಿ ಕಾಯ್ದೆಯ 8ನೇ ಸೆಕ್ಷನ್ ದಾಖಲೆಯನ್ನು ಅನುವಾದಿಸುವ, ಅನುವಾದವನ್ನು ದೃಢೀಕರಿಸುವ ಅಧಿಕಾರವನ್ನು ನೋಟರಿಗೆ ಕೊಟ್ಟಿದೆ. ಅಮೆರಿಕದ ವಲಸೆ ನಿಯಮ ಕೇಳುವುದು, ಅನುವಾದ ಪೂರ್ಣವಾಗಿದೆ, ನಿಖರವಾಗಿದೆ, ತನಗೆ ಎರಡೂ ಭಾಷೆಯಲ್ಲಿ ಸಾಮರ್ಥ್ಯವಿದೆ ಎಂಬ ಅನುವಾದಕನ ಲಿಖಿತ ಹೇಳಿಕೆಯನ್ನು. ಬರೆದವನು ತನ್ನ ಹೆಸರು ಹಾಕುವುದು ಈ ನೆಲಕ್ಕೆ ಹೊಸದಲ್ಲ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆಹಚ್ಚಿದ ಬ್ರಹ್ಮಗಿರಿಯ ಅಶೋಕ ಶಾಸನ ಮೊಳಕಾಲ್ಮೂರು ತಾಲ್ಲೂಕಿನದೇ. ಅದರ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ, ತನ್ನ ವೃತ್ತಿಯನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ.

ಹಲವು ಕಡೆ ಮೂಲಪತ್ರಕ್ಕೂ ಸರ್ಕಾರಿ ದೃಢೀಕರಣ ಬೇಕು. ಇಂಥ ದೃಢೀಕರಣವನ್ನು ಸರಳಗೊಳಿಸಿದ 1961ರ ಹೇಗ್ ಒಪ್ಪಂದ ಭಾರತದ ಮಟ್ಟಿಗೆ ಜಾರಿಯಾದದ್ದು 2005ರ ಜುಲೈ 14ರಂದು. ಅಂದಿನಿಂದ ಒಪ್ಪಂದದ ಹಲವು ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಯೇ ಸಾಕಾಗುತ್ತದೆ.

ನಿಜವಾದ ತೊಡಕು ಇರುವುದು ಹೆಸರಿನಲ್ಲಿ. ಕಾದಂಬರಿಕಾರ ತ.ರಾ.ಸು. ಎಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್: ಊರು, ತಂದೆ, ಆಮೇಲೆ ತಾನು. ಅವರ ದೊಡ್ಡಪ್ಪ, ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರ ಮೊದಲ ಇನಿಷಿಯಲ್ಲೂ ಇದೇ ಊರಿನದು. ಇಂಥ ಹೆಸರನ್ನು ಪಾಸ್‌ಪೋರ್ಟಿನ ಸರ್‌ನೇಮ್ ಕಾಲಮ್ಮಿಗೆ ಹೊಂದಿಸುವುದು ಸುಲಭವಲ್ಲ. ಊರನ್ನೇ ತಳಕು, ತಳುಕು ಎಂದು ಎರಡು ಬಗೆಯಲ್ಲಿ ಬರೆಯುತ್ತಾರೆ. ಮೃತರ ಹೆಸರು ಮಗನ ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಮರಣಪತ್ರದಲ್ಲಿ ಇನ್ನೊಂದು ರೀತಿ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು. ಅಂಥಲ್ಲಿ ಅಕ್ಷರ ತಿದ್ದಿಬಿಡುವ ಅನುವಾದಕ ಉಪಕಾರ ಮಾಡುತ್ತಿಲ್ಲ. ಕುಟುಂಬವನ್ನು ಸುಳ್ಳು ದಾಖಲೆಯ ಆರೋಪಕ್ಕೆ ದೂಡುತ್ತಿದ್ದಾನೆ.

ತಿದ್ದಲು ದಾರಿಯಿದೆ, ಅದು 1969ರ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿದೆ. ನೋಂದಣಾಧಿಕಾರಿ ಮೂಲ ನಮೂದನ್ನು ಅಳಿಸದೆ, ಅಂಚಿನಲ್ಲಿ ಸರಿಯಾದುದನ್ನು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ಅನುವಾದ, ನೋಟರಿ, ಅಪೊಸ್ಟಿಲ್ ಎಲ್ಲವೂ ಅದಾದ ಮೇಲಿನ ಮಾತು.