ಒಂದೇ ಒಂದು ಕೋವಿ ಇಟ್ಟುಕೊಳ್ಳೋದಾದ್ರೆ ಯಾವುದು?

2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆಯುಧ ಕಾಯ್ದೆಗೆ ಒಂದು ತಿದ್ದುಪಡಿ ಮಸೂದೆ ತಂತು. ಅಲ್ಲೀವರೆಗೆ ಲೈಸೆನ್ಸ್ ಇದ್ದವರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಈ ಮೂರರ ಮಿತಿ ಬಂದದ್ದು 1983ರಲ್ಲಿ. ಇನ್ನು ಮೇಲೆ ಒಂದೇ, ಅಂತ ಹೊಸ ಮಸೂದೆ ಹೇಳಿತು. ದೇಶದ ಅಲ್ಲಲ್ಲಿ ಗಲಾಟೆ ಆಯ್ತು, ತಾತನ ಕಾಲದ ಕೋವಿ ಏನು ಮಾಡೋದು ಅಂತ ಪ್ರಶ್ನೆ ಬಂತು. ಕೊನೆಗೆ ಡಿಸೆಂಬರಿನಲ್ಲಿ ಕಾಯ್ದೆ ಪಾಸಾಗುವಾಗ ಒಂದು ಹೋಗಿ ಎರಡಾಯಿತು.

ಒಂದಲ್ಲ ಎರಡು ಅಂತಾದರೂ ಆ ಪ್ರಶ್ನೆ ಮಾತ್ರ ಉಳೀತು. ಇಟ್ಟುಕೊಳ್ಳೋದು ಒಂದೇ ಆದ್ರೆ ಯಾವುದು? ಪಿಸ್ತೂಲಾ, ರಿವಾಲ್ವರಾ, ಇಲ್ಲಾ ಹಳೇ ಜೋಡುನಳಿಗೆಯಾ? ಈ ಮಾತು ಬಂದಾಗ ಬಹಳ ಜನ ಮೊದಲು ಮಾತಾಡೋದು ಕಂಪನಿ, ಬೋರು, ಎಷ್ಟು ಗುಂಡು ಹಿಡಿಯುತ್ತೆ ಅನ್ನೋದರ ಬಗ್ಗೆ. ನಂಜನಗೂಡು, ಟಿ. ನರಸೀಪುರದ ಸೀಮೆಯಲ್ಲಿ ಕೋವಿಯ ಚರಿತ್ರೆ ನೋಡಿದರೆ ಲೆಕ್ಕ ಬೇರೆಯೇ ಇದೆ. ಇಲ್ಲಿ ಕೋವಿ ಯಾವುದು ಅಂತ ತೀರ್ಮಾನ ಮಾಡಿದ್ದು ಯಾವತ್ತೂ ಕೋವಿ ಅಲ್ಲ, ಅದರ ಎದುರಿಗೆ ನಿಲ್ಲೋದು ಯಾರು ಅನ್ನೋದು. ಸ್ವಲ್ಪ ಹಿಂದಿನಿಂದ ಬರೋಣ.

ಒಂದು ಸಾಲದಿದ್ದ ಕಾಲ

ನಂಜನಗೂಡಿನಲ್ಲಿ ಟಿಪ್ಪು ಸುಲ್ತಾನನ ನೆನಪು ಅಂದ್ರೆ ಪಚ್ಚೆ ಲಿಂಗ. ಪಟ್ಟದ ಆನೆಯ ಕಣ್ಣು ವಾಸಿಯಾಯಿತು ಅಂತ ಸುಲ್ತಾನ ನಂಜುಂಡನಿಗೆ ಕೊಟ್ಟದ್ದು, ಅದಕ್ಕೇ ಹಕೀಂ ನಂಜುಂಡ ಅನ್ನೋ ಹೆಸರು ಬಂತು ಅಂತ ಪ್ರತೀತಿ. ಅದೇ ಸುಲ್ತಾನನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಕೋವಿ, ಪಿಸ್ತೂಲು ತಯಾರಾಗುತ್ತಿದ್ದವು. ಅವುಗಳ ಮೇಲೆ ಹುಲಿ ಮುಖ, ಹುಲಿ ಪಟ್ಟೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅವೆಲ್ಲ ಲೂಟಿಯಾಗಿ ಇಂಗ್ಲೆಂಡಿನ ಮ್ಯೂಸಿಯಂಗಳಿಗೆ, ಹರಾಜು ಕಟ್ಟೆಗಳಿಗೆ ಸೇರಿದವು.

ಅವುಗಳಲ್ಲಿ ಒಂದು ವಿಶೇಷ ಇದೆ. ಕೆಲವು ಪಿಸ್ತೂಲುಗಳು ಜೋಡಿ. ಒಂದರ ಚಕಮಕಿ ಬಲಗಡೆ, ಇನ್ನೊಂದರದ್ದು ಎಡಗಡೆ, ಕನ್ನಡಿಯಲ್ಲಿ ನೋಡಿದ ಹಾಗೆ. ಆಗಿನ ಪಿಸ್ತೂಲು ಹಾರುತ್ತಿದ್ದದ್ದು ಒಂದೇ ಗುಂಡು. ಆಮೇಲೆ ಮತ್ತೆ ಮದ್ದು ತುಂಬಬೇಕು, ಗುಂಡು ಹಾಕಬೇಕು, ಗಜದಿಂದ ಜಡಿಯಬೇಕು. ಕುದುರೆ ಮೇಲೆ ಕೂತು ಯುದ್ಧದ ನಡುವೆ ಇದೆಲ್ಲ ಆಗೋ ಮಾತಲ್ಲ. ಹಾಗಾಗಿ ಎರಡು. ಅವನ ಎದುರಿಗೆ ಇದ್ದದ್ದು ಸೈನ್ಯ. ಸೈನ್ಯದ ಎದುರು ಹೋಗೋನಿಗೆ ಒಂದು ಸಾಲದು.

1836ರಲ್ಲಿ ಅಮೆರಿಕದ ಕೋಲ್ಟ್ ತಿರುಗುವ ಗೂಡಿನ ಪಿಸ್ತೂಲಿಗೆ ಪೇಟೆಂಟ್ ತಗೊಂಡ. ಐದಾರು ಗುಂಡು ಒಂದೇ ಕೈಯಲ್ಲಿ! ಒಬ್ಬ ಮನುಷ್ಯನಿಗೆ ಒಂದೇ ಕೈಬಂದೂಕು ಸಾಕು ಅನ್ನೋ ಯೋಚನೆ ಹುಟ್ಟಿದ್ದೇ ಅಲ್ಲಿಂದ. ನಮ್ಮಲ್ಲಿ ಅದು ಮೊದಲು ಕಂಡದ್ದು ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ.

ಕಾನೂನು ಬಂತು

1857ರ ದಂಗೆ ಆದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಂಡರು. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಆಯುಧ ಕಾಯ್ದೆ ಬಂತು. ಯೂರೋಪಿಯನ್ನರಿಗೆ ರಿಯಾಯಿತಿ, ಭಾರತೀಯರಿಗೆ ಲೈಸೆನ್ಸ್. ಗಾಂಧೀಜಿಯಂಥ ಅಹಿಂಸಾವಾದಿಗೂ ಇದು ದೊಡ್ಡ ಅನ್ಯಾಯ ಅನ್ನಿಸಿತ್ತು.

ನಮ್ಮ ಮೈಸೂರು ಬೇರೆ ರಾಜ್ಯ ಅಲ್ವಾ, ಇಲ್ಲಿ ಹೇಗೆ ಅಂತ ಕೇಳಬಹುದು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜ ಒಡೆಯರಿಗೆ ವಾಪಸ್ ಕೊಟ್ಟರು. ಆದರೆ ಕೊಡುವಾಗ ಬರೆಸಿಕೊಂಡ ಪತ್ರದಲ್ಲಿ ಒಂದು ಷರತ್ತು ಇತ್ತು. ಮಹಾರಾಜರು ಆಯುಧ, ಮದ್ದುಗುಂಡು ಹೊರಗಿನಿಂದ ತರಿಸುವಂತಿಲ್ಲ, ಗವರ್ನರ್ ಜನರಲ್ ಹೇಳಿದಾಗ ರಾಜ್ಯದೊಳಗೆ ತಯಾರಿಸೋದನ್ನೂ ನಿಲ್ಲಿಸಬೇಕು. ಟಿಪ್ಪುವಿನ ಕಾರ್ಖಾನೆ ಇದ್ದ ನಾಡಿಗೇ ಈ ಷರತ್ತು ನೋಡಿ! ಎಂಬತ್ತೆರಡು ವರ್ಷ ಆಗಿದ್ದರೂ ಅವರು ಶ್ರೀರಂಗಪಟ್ಟಣವನ್ನು ಮರೆತಿರಲಿಲ್ಲ ಅನ್ನಿಸುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅದನ್ನು ಸಂವಿಧಾನಕ್ಕೆ ಸೇರಿಸಿ ಅಂತ ತಿದ್ದುಪಡಿ ತಂದರು. ಕಾಮತರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಹಕ್ಕು ಅಂತ ಬರೆದರೆ ಅಪರಾಧ ಮಾಡೋರಿಗೂ ಅದೇ ಹಕ್ಕು ಕೊಟ್ಟ ಹಾಗಲ್ಲವೇ ಅನ್ನೋದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಅಲ್ಲಿಗೆ ನಮ್ಮ ದೇಶದಲ್ಲಿ ಕೋವಿ ಅನ್ನೋದು ಹಕ್ಕಲ್ಲ, ಕಾರಣ ಕೊಟ್ಟು ಪಡೆಯುವ ಅನುಮತಿ ಅಂತ ತೀರ್ಮಾನ ಆಯಿತು.

ಬೆಳೆ ಕಾಯುವ ಕೋವಿ

1959ರ ಆಯುಧ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಇದರ 13ನೇ ಕಲಂ ಒಮ್ಮೆ ಓದಬೇಕು. ಬಹಳ ಜನ ಗಮನಿಸದ ಒಂದು ವಿಷಯ ಅದರಲ್ಲಿದೆ. ರಕ್ಷಣೆಗೋ ಕ್ರೀಡೆಗೋ ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ ಬಂದೂಕು ಕೇಳಿದರೆ, ಅಥವಾ ನಿಜವಾಗಲೂ ಬೆಳೆ ರಕ್ಷಣೆಗೆ ಅಂತ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ನಿರಾಕರಿಸಲು ಬೇರೆ ಕಾರಣ ಇಲ್ಲದಿದ್ದರೆ ಲೈಸೆನ್ಸ್ ಕೊಡಬೇಕು ಅನ್ನುತ್ತೆ. ಮಿಕ್ಕ ಬಂದೂಕುಗಳಿಗೆ ಅರ್ಜಿದಾರ ತಕ್ಕ ಕಾರಣ ತೋರಿಸಿ ಅಧಿಕಾರಿಗೆ ಮನದಟ್ಟು ಮಾಡಿಸಬೇಕು. ಪಿಸ್ತೂಲು, ರಿವಾಲ್ವರ್ ಎಲ್ಲ ಬರೋದು ಈ ಎರಡನೇ ಸಾಲಿನಲ್ಲಿ.

ಅಂದರೆ ಕಾನೂನೇ ಒಂದು ಪಟ್ಟಿ ಮಾಡಿಬಿಟ್ಟಿದೆ. ಹೊಲದ ಕೋವಿ ಮೊದಲು, ಸೊಂಟದ ಪಿಸ್ತೂಲು ಆಮೇಲೆ.

ನಂಜನಗೂಡು ತಾಲ್ಲೂಕಿನ ನಕ್ಷೆ ನೋಡಿದರೆ ಇದರ ಅರ್ಥ ಆಗುತ್ತೆ. ದಕ್ಷಿಣಕ್ಕೆ ಹೆಡಿಯಾಲ, ಅಲ್ಲಿಂದಾಚೆ ಬಂಡೀಪುರದ ಕಾಡು. ಕಾಡಿನ ಅಂಚಿನ ಹೊಲಕ್ಕೆ ರಾತ್ರಿ ಬರೋದು ಕಾಡುಹಂದಿ, ಆನೆ. ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ತಮಟೆ ಬಡಿದು ಕಾಯುತ್ತಿದ್ದ ರೈತನಿಗೆ ಕೇಪಿನ ಕೋವಿ ಅಂದ್ರೆ ಮುಖ್ಯವಾಗಿ ಸದ್ದು. ಮದ್ದು ಹಾಕಿ, ಬಟ್ಟೆ ಚೂರು ಜಡಿದು, ಕೇಪು ಇಟ್ಟು ಕುದುರೆ ಒತ್ತಿದರೆ ಢಂ ಅಂತ ಬರೋ ಆ ಸದ್ದಿಗೇ ಅರ್ಧ ಬೆಳೆ ಉಳೀತಿತ್ತು. ಬಡವನ ಕೈಗೆ ಎಟುಕೋ ಬೆಲೆ, ಊರಿನ ಕಮ್ಮಾರ ರಿಪೇರಿ ಮಾಡಬಲ್ಲ ಯಂತ್ರ. ತುಂಬೋದು ನಿಧಾನ, ಆದ್ದರಿಂದ ಸಿಟ್ಟಿನ ಕೈಗೆ ತಕ್ಷಣ ಒದಗೋದೂ ಕಡಿಮೆ. ಇದು ಸಣ್ಣ ವಿಷಯ ಅಲ್ಲ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿದ ಮೇಲೆ, ಈ ಕೋವಿಯ ಕಾಲವೂ ಮುಗೀತಾ ಬಂತು. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಜೊತೆಗೆ ಪ್ರತಿ ಚುನಾವಣೆಗೂ ಕೋವಿ ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ರಸೀದಿ ತರೋ ಕೆಲಸ ಬೇರೆ.

ಪಿಸ್ತೂಲೋ ರಿವಾಲ್ವರೋ

ಸರಿ, ಕೈಬಂದೂಕಿನ ವಿಷಯಕ್ಕೆ ಬರೋಣ. ಸಿನಿಮಾದಲ್ಲಿ ನೋಡೋ ಪಿಸ್ತೂಲೆಲ್ಲ ನಮ್ಮ ದೇಶದ ಸಾಮಾನ್ಯ ಪ್ರಜೆಗೆ ಸಿಗಲ್ಲ. ಸೈನ್ಯ, ಪೊಲೀಸರು ಬಳಸೋ 9 ಮಿಲಿಮೀಟರ್ ಅಂಥವು ನಿಷೇಧಿತ ಬೋರು. 1980ರ ದಶಕದ ನಡುವಿನಿಂದ ಹೊರದೇಶದ ಬಂದೂಕು ತರಿಸೋದೂ ಸಾಮಾನ್ಯರಿಗೆ ಬಂದ್. ಹಾಗಾಗಿ ಎಷ್ಟೋ ವರ್ಷ ಆಯ್ಕೆ ಅಂತ ಇದ್ದದ್ದು ಹೆಚ್ಚಾಗಿ ಸರ್ಕಾರಿ ಆಯುಧ ಕಾರ್ಖಾನೆಗಳ ಪಾಯಿಂಟ್ 32 ಬೋರಿನ ಮಾಲು. ಕಾನ್ಪುರದ್ದು ರಿವಾಲ್ವರ್, ಇಷಾಪುರದ್ದು ಪಿಸ್ತೂಲು.

ರಿವಾಲ್ವರಿನಲ್ಲಿ ಆರು ಗುಂಡು. ಗೂಡು ತೆರೆದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತೆ. ಒಂದು ಹಾರದಿದ್ದರೆ ಮತ್ತೆ ಒತ್ತಿದರೆ ಮುಂದಿನದು ಬರುತ್ತೆ. ಪಿಸ್ತೂಲು ತೆಳ್ಳಗಿರುತ್ತೆ, ಬೇಗ ತುಂಬಬಹುದು. ಆದರೆ ಮ್ಯಾಗಜೀನ್ ತೆಗೆದರೂ ನಳಿಗೆಯೊಳಗೆ ಒಂದು ಗುಂಡು ಉಳಿದಿರಬಹುದು. ಖಾಲಿ ಅಂದುಕೊಂಡ ಪಿಸ್ತೂಲು ಹಾರೋದು ಹೀಗೇ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯೋರಿಗೆ, ಅಭ್ಯಾಸಕ್ಕೆ ಜಾಗ ಇಲ್ಲದೋರಿಗೆ, ಈ ಎರಡರಲ್ಲಿ ರಿವಾಲ್ವರೇ ವಾಸಿ ಅಂತ ಹಳಬರು ಹೇಳೋದರಲ್ಲಿ ಅರ್ಥ ಇದೆ.

2014ರಲ್ಲಿ ಕಾನ್ಪುರದವರು ಹೆಂಗಸರಿಗೆ ಅಂತ ನಿರ್ಭೀಕ್ ಅನ್ನೋ ಹಗುರ ರಿವಾಲ್ವರ್ ತಂದರು. ತೂಕ ಅರ್ಧ ಕೆಜಿ, ಬೆಲೆ 1 ಲಕ್ಷ 22 ಸಾವಿರ ಚಿಲ್ಲರೆ. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿಗೆ ಇಟ್ಟ ಹೆಸರು. ಆ ಬೆಲೆಗೆ ಯಾವ ಗಾರ್ಮೆಂಟ್ಸ್ ಹುಡುಗಿ ತಗೊಳ್ಳಬೇಕು ಹೇಳಿ? 2023ರಲ್ಲಿ ಇನ್ನೂ ದೂರಕ್ಕೆ ಗುರಿ ಮುಟ್ಟುತ್ತೆ ಅಂತ ಪ್ರಬಲ್ ಅನ್ನೋದು ಬಂತು.

ಪಕ್ಕದ ಕೊಡಗನ್ನೂ ನೋಡಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡೋ ಜನ ಅವರು. ಆದರೆ ಆ ವಿನಾಯಿತಿ ಇರೋದು ಉದ್ದ ಕೋವಿಗೆ. ಪಿಸ್ತೂಲು, ರಿವಾಲ್ವರಿಗೆ ಅವರೂ ಲೈಸೆನ್ಸ್ ತಗೋಬೇಕು. ಕೋವಿ ಮನೆಯ ಸಂಪ್ರದಾಯ ಆಗಬಹುದು, ಪಿಸ್ತೂಲು ಆಗಲ್ಲ. ಯಾಕೆ ಅಂದ್ರೆ ಪಿಸ್ತೂಲಿನಿಂದ ಹಂದಿ ಓಡಿಸಲ್ಲ, ಬೆಳೆ ಕಾಯಲ್ಲ. ಅದರ ಎದುರಿಗೆ ನಿಲ್ಲೋದು ಮನುಷ್ಯ ಮಾತ್ರ.

ಎದುರಿಗೆ ಮನುಷ್ಯ ನಿಂತಾಗ

ಮನುಷ್ಯನಿಗೆ ಹೆದರಬೇಕಾದ ಕಾರಣ ನಮ್ಮ ಸೀಮೆಯಲ್ಲಿ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. 1993ರ ಮಾರ್ಚಿನಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಮೂವರು ದಲಿತರ ಕೊಲೆಯಾಯಿತು. ಖಾದಿ ಕೇಂದ್ರಕ್ಕೆ, ಗಾಂಧೀಜಿ ಬಂದುಹೋದದ್ದಕ್ಕೆ ಹೆಸರಾಗಿದ್ದ ಊರು ಅದು. ಅಂಥ ಊರಿನಲ್ಲಿ ಜೀವಭಯ ಅನ್ನೋದು ಅರ್ಜಿಯಲ್ಲಿ ತುಂಬೋ ಬರೀ ಒಂದು ಪದ ಅಲ್ಲ.

1995ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮಗಳು ಬಂದವು. ಅದರ 3ನೇ ನಿಯಮದಲ್ಲಿ ಎರಡು ಮಾತಿದೆ. ದೌರ್ಜನ್ಯ ನಡೆಯಬಹುದಾದ ಪ್ರದೇಶದಲ್ಲಿ ಇತರರ ಆಯುಧ ಲೈಸೆನ್ಸ್ ರದ್ದು ಮಾಡಬಹುದು, ಅಗತ್ಯ ಬಿದ್ದರೆ ಪರಿಶಿಷ್ಟರಿಗೆ ಲೈಸೆನ್ಸ್ ಕೊಡಬಹುದು. ಮೊದಲನೆಯದರಿಂದ ಊರಿನಲ್ಲಿ ಒಂದು ಕೋವಿ ಕಡಿಮೆಯಾಗುತ್ತೆ, ಎರಡನೆಯದರಿಂದ ಒಂದು ಹೆಚ್ಚಾಗುತ್ತೆ. ನನ್ನನ್ನು ಕೇಳಿದರೆ ಮೊದಲನೆಯದೇ ದೊಡ್ಡದು. ಗುಂಪು ಕಟ್ಟಿಕೊಂಡು ಬರೋರ ಎದುರು ಆರು ಗುಂಡಿನ ರಿವಾಲ್ವರ್ ಎಷ್ಟು ಹೊತ್ತು? ಆದರೆ ಹೆದರಿಕೊಂಡು ಬದುಕೋನಿಗೆ ದೂರ ನಿಂತು ಬುದ್ಧಿ ಹೇಳೋದೂ ಸುಲಭ. ಅದೂ ಗೊತ್ತಿರಬೇಕು.

ಇನ್ನೊಂದು ಹೆದರಿಕೆ ಈಚೆಗೆ ಬಂತು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತರು. ಇಬ್ಬರು ಕಾಲೇಜು ಓದೋ ಮಕ್ಕಳು, ಒಬ್ಬ ಅಜ್ಜಿ, ಕೊನೆಗೆ ಹೊರಳಹಳ್ಳಿಯ ಹನ್ನೊಂದು ವರ್ಷದ ಹುಡುಗ. ಸಂಜೆ ಆದರೆ ಬಾಗಿಲು ಹಾಕಿಕೊಳ್ಳೋ ಹಾಗಾಯಿತು. ಕೋವಿ ಕೊಡಿ ಅನ್ನಿಸೋದು ಸಹಜ. ಆದರೆ ಕಬ್ಬಿನ ಗದ್ದೆಯಲ್ಲಿ ಅಡಗಿರೋ ಚಿರತೆ ಎದುರಿಗೆ ಬಂದು ನಿಲ್ಲಲ್ಲ, ಹಿಂದಿನಿಂದ ಬೀಳುತ್ತೆ. ಸೊಂಟದಲ್ಲಿ ಏನಿದ್ದರೂ ಕೈ ಹೋಗೋಷ್ಟರಲ್ಲಿ ಮುಗಿದಿರುತ್ತೆ. ಗುಂಡಿಕ್ಕೋ ಆದೇಶವೂ ಆಯಿತು, ಕೊನೆಗೆ ಕೆಲಸಕ್ಕೆ ಬಂದದ್ದು ಬೋನು. ಜೀವ ಉಳಿಸಿಕೊಳ್ಳೋಕೆ ಅಂತ ವನ್ಯಪ್ರಾಣಿ ಕೊಂದರೆ ಕಾನೂನು ತಪ್ಪು ಅನ್ನಲ್ಲ, ನಿಜ. ಆದರೆ ಆ ಗಳಿಗೆಯಲ್ಲಿ ಕೋವಿಗಿಂತ ಹೆಚ್ಚು ಬೇಕಾದದ್ದು ಬೀದಿದೀಪ, ಮನೆಗೊಂದು ಶೌಚಾಲಯ, ಜೊತೆಗೊಬ್ಬರು.

ಹಾಗಾದ್ರೆ ಮುಖ್ಯ ಯಾವುದು?

ಈ ಇನ್ನೂರು ವರ್ಷದ ಕತೆಯಿಂದ ನನಗೆ ಕಾಣೋ ಲೆಕ್ಕ ಇಷ್ಟು.

ಮೊದಲು ಕಾರಣ. ಎದುರಿಗೆ ನಿಲ್ಲೋದು ಯಾರು ಅಂತ ಒಂದೇ ವಾಕ್ಯದಲ್ಲಿ ಹೇಳಕ್ಕೆ ಬರದಿದ್ದರೆ ಯಾವ ಬಂದೂಕೂ ಬೇಡ. ಹಂದಿ ಅಂದರೆ ಪಿಸ್ತೂಲು ಅಲ್ಲವೇ ಅಲ್ಲ. ಮನುಷ್ಯ ಅಂದರೆ ಆ ಮನುಷ್ಯ ಯಾರು, ಪೊಲೀಸರಿಂದ ಆಗದೇ ಇದ್ದದ್ದು ಇದರಿಂದ ಆಗುತ್ತಾ ಅಂತ ಯೋಚಿಸಬೇಕು.

ಎರಡನೆಯದು ಮನೆ. ಅದು ರಾತ್ರಿ ಎಲ್ಲಿರುತ್ತೆ? ಬೀಗ ಯಾರ ಹತ್ತಿರ? ಮನೆಯಲ್ಲಿ ಮಕ್ಕಳಿದ್ದಾರಾ, ಕುಡಿಯೋರಿದ್ದಾರಾ, ಸಾಲಕ್ಕೆ ಸಿಕ್ಕಿ ಮನಸ್ಸು ಮುರಿದವರಿದ್ದಾರಾ? ಬಂದೂಕಿರೋ ಮನೆಯಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು ಅಂತ ಅಮೆರಿಕದ ಅಧ್ಯಯನಗಳು ದಶಕಗಳಿಂದ ಹೇಳ್ತಾ ಬಂದಿವೆ. ಕಳ್ಳನಿಗೆ ಅಂತ ತಂದದ್ದು ಮನೆಯವರ ಮೇಲೇ ತಿರುಗಬಹುದು. 2016ರ ಆಯುಧ ನಿಯಮಗಳು ತರಬೇತಿ ಕೇಳೋದು, ಭದ್ರವಾಗಿ ಇಡ್ತೀನಿ ಅಂತ ಬರೆಸಿಕೊಳ್ಳೋದು ಇದಕ್ಕೇ.

ಮೂರನೆಯದು, ಕೈಗೆ ಅಭ್ಯಾಸ ಇದೆಯಾ, ಯಂತ್ರ ಸರಳವಾಗಿದೆಯಾ, ಗುಂಡು ಸಿಗುತ್ತಾ, ಕೆಟ್ಟರೆ ರಿಪೇರಿ ಎಲ್ಲಿ ಅನ್ನೋದು.

ಕಂಪನಿ, ಬೋರು, ಎಷ್ಟು ಗುಂಡು, ಎಷ್ಟು ಅಂದ ಅನ್ನೋದೆಲ್ಲ ಆಮೇಲೆ.

ಈ ಕ್ರಮದಲ್ಲಿ ಕೇಳ್ತಾ ಹೋದರೆ ನಮ್ಮ ಕಡೆ ಹತ್ತಕ್ಕೆ ಒಂಬತ್ತು ಜನ ಮೊದಲನೇ ಪ್ರಶ್ನೆಯಲ್ಲೇ ನಿಂತುಬಿಡ್ತಾರೆ ಅನ್ನೋದು ನನ್ನ ಅನಿಸಿಕೆ. ನಿಂತರೆ ಒಳ್ಳೇದೇ. ಇನ್ನುಳಿದ ಒಬ್ಬನಿಗೆ ನಿಜವಾಗಲೂ ಕಾರಣ ಇದ್ದರೆ, ಆ ಕಾರಣವನ್ನು ಅವನ ಸೊಂಟಕ್ಕೆ ಕಟ್ಟಿ ಕಳಿಸೋ ಮುಂಚೆ ಊರು, ಠಾಣೆ, ತಾಲ್ಲೂಕು ಕಚೇರಿ ಎಲ್ಲ ಸೇರಿ ಅದನ್ನು ಹೋಗಲಾಡಿಸೋಕೆ ಆಗುತ್ತಾ ಅಂತ ನೋಡಬೇಕಲ್ವಾ?